ಬಿಸ್ಕೀಟು ಡಬ್ಬಿಯ ಚೀಟಿಗಳು

ಮಡಚಿದ ಕಾಗದ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಬಸ್ಸಿನ ಟಿಕೀಟು, ಔಷಧದ ಅಂಗಡಿಯ ರಸೀದಿ, ಕಿರಾಣಿ ಸಾಮಾನು ಕಟ್ಟಿ ಬಂದ ಹಳೆಯ ಪತ್ರಿಕೆಯ ತುಂಡು, ಯಾವುದೇ ಇರಲಿ, ಬಿಡಿಸಿ ತೊಡೆಯ ಮೇಲಿಟ್ಟು ಅಂಗೈಯಿಂದ ನಾಲ್ಕು ಸಲ ನೀವಿ, ಅಂಚಿಗೆ ಅಂಚು ಕೂಡಿಸಿ ಒಂದರ ಮೇಲೊಂದು ಇಡಬೇಕು. ಆಮೇಲೆ ಕಸದ ಬುಟ್ಟಿಗೇ ಹಾಕುತ್ತೇನೆ, ಆ ಮಾತು ಬೇರೆ. ಮೊನ್ನೆ ಹಾವೇರಿಯಿಂದ ಬಸ್ಸಿನಲ್ಲಿ ಬರುವಾಗ ಪಕ್ಕದ ಹೆಣ್ಣುಮಗಳು ಶೇಂಗಾ ತಿಂದು ಮುದ್ದೆ ಮಾಡಿ ಎಸೆದ ಕಾಗದವನ್ನು ಕೂಡ ಎತ್ತಿಕೊಂಡು, ನೀವಿ, ಚೌಕಾಗಿ ಮಡಚಿ ಆಕೆಗೇ ವಾಪಸು ಕೊಟ್ಟೆ. "ಇದನ್ನ ತಗೊಂಡು ನಾ ಏನ ಮಾಡ್ಲಿರಿ ಅಕ್ಕಾರ?" ಎಂದಳು ಪಾಪ. ಮೋಟೆಬೆನ್ನೂರು ದಾಟುವವರೆಗೆ ಕಿಟಕಿಯ ಹೊರಗೆ ನೋಡುತ್ತ ಕುಳಿತೆ.

ಮನೆಯಲ್ಲಿ ನಮ್ಮವರು ಇದಕ್ಕೆ ಒಗ್ಗಿಹೋಗಿದ್ದಾರೆ. "ಸುಮಿತ್ರಾ, ನೀ ಇರೋ ಮನಿಗೆ ಇಸ್ತ್ರೀ ಪೆಟಗಿ ಯಾಕ ಬೇಕು?" ಎನ್ನುತ್ತಾರೆ. ಈ ಚಟ ಹುಟ್ಟಿನಿಂದ ಬಂದದ್ದಲ್ಲ. ನನಗೆ ಇದು ಅಂಟಿಕೊಂಡದ್ದು ರಾಣೆಬೆನ್ನೂರಿನ ನಮ್ಮ ಸಭೆಯ ಬಿಸ್ಕೀಟು ಡಬ್ಬಿಯಿಂದ.

ಸಭೆ ಎಂದೊಡನೆ ಎತ್ತರದ ಗೋಪುರ, ಗಂಟೆ, ಬಣ್ಣದ ಗಾಜಿನ ಕಿಟಕಿ ಎಂದುಕೊಳ್ಳಬೇಡಿ. ಮೂವತ್ತು ಕ್ರೈಸ್ತ ಮನೆತನಗಳು ಕೂಡುತ್ತಿದ್ದ ಹೆಂಚಿನ ಒಂದು ಉದ್ದ ಕೋಣೆ. ಗಂಡಸರು ಎಡಕ್ಕೆ, ಹೆಂಗಸರು ಬಲಕ್ಕೆ, ಎಲ್ಲರೂ ಚಾಪೆಯ ಮೇಲೆ. ಬಾಗಿಲ ಪಕ್ಕದ ಗೂಡಿನಲ್ಲಿ ಒಂದು ತಗಡಿನ ಬಿಸ್ಕೀಟು ಡಬ್ಬಿ. ಅದರ ಮುಚ್ಚಳದ ಮೇಲೆ ಗುಲಾಬಿ ಹಿಡಿದ ದೊರೆಸಾನಿಯೊಬ್ಬಳ ಚಿತ್ರವಿತ್ತು. ಚೀಟಿ ಹಾಕಲು ಉಳಿಯಿಂದ ಕೊರೆದ ಸೀಳು ಸರಿಯಾಗಿ ಆಕೆಯ ಬಾಯಿಯ ಮೇಲೆ ಬಂದಿದ್ದರಿಂದ, ಆಕೆ ಚೀಟಿ ತಿನ್ನುತ್ತಾಳೆಂದು ಸಣ್ಣ ಮಕ್ಕಳು ನಂಬಿದ್ದರು. ಯಾರಿಗೆ ಏನು ಕಷ್ಟವಿದೆಯೋ ಅದನ್ನು ಬರೆದು ಡಬ್ಬಿಗೆ ಹಾಕುವುದು. ಭಾನುವಾರ ಎರಡನೆಯ ಹಾಡು ನಡೆಯುತ್ತಿರುವಾಗ ನಾನು ಡಬ್ಬಿ ತೆರೆದು, ಚೀಟಿಗಳನ್ನು ಬಿಡಿಸಿ, ನೀವಿ, ಮೇಜಿನ ಮೇಲಿನ ದೊಡ್ಡ ಬೈಬಲಿನ ಕೆಳಗೆ ಇಡುವುದು. ಹಾಡು ಮುಗಿದ ಮೇಲೆ ಸಮುವೇಲ ಮಾಸ್ತರರು ಒಂದೊಂದಾಗಿ ಗಟ್ಟಿಯಾಗಿ ಓದಿ, ಅದರಲ್ಲಿದ್ದ ಹೆಸರು ಹಿಡಿದು ಪ್ರಾರ್ಥಿಸುವುದು. ಹನ್ನೊಂದು ವರ್ಷ ಹೀಗೆ ನಡೆಯಿತು.

ಸಮುವೇಲ ಮಾಸ್ತರರು ನಮ್ಮ ಸಭೆಯ ಹಿರಿಯರು. ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಕರಿಯ ಕೋಟು, ಬಿಳಿಯ ಧೋತರ, ತಗ್ಗಿಸಿ ಮಾತಾಡಲು ಬಾರದ ದನಿ. ಅವರದೊಂದು ನೇಮವಿತ್ತು. "ಚೀಟಿಯಾಗ ಬಂದ ಹೆಸರು ನಾ ಬಿಡಂಗಿಲ್ಲ. ಬಿಡಾಕ ನಾ ಯಾರು?" ಎನ್ನುತ್ತಿದ್ದರು. ಹಾಗೆಂದೇ ಮ್ಯಾಟ್ರಿಕ್ಕಿನಲ್ಲಿ ನಾಲ್ಕು ಸಲ ನಪಾಸಾದವನಿಗಾಗಿ ನಾಲ್ಕು ಸಲ ಪ್ರಾರ್ಥಿಸಿದ್ದರು. ಒದೆಯುವ ಎಮ್ಮೆಯೊಂದರ ಹೆಸರು ಹಿಡಿದು, ಅದರ ಸಿಟ್ಟು ಇಳಿಯಲಿ ಎಂದು ಬೇಡಿದ್ದರು. ಒಮ್ಮೆ ತುಂಟ ಹುಡುಗರು ಕ್ರಿಕೆಟ್ ತಂಡದ ಹನ್ನೊಂದೂ ಜನರ ಹೆಸರು ಬರೆದು ಹಾಕಿದ್ದರು. ಮಾಸ್ತರರು ಕನ್ನಡಕ ಸರಿಮಾಡಿಕೊಂಡು ಎಲ್ಲ ಹೆಸರನ್ನೂ ದೇವರಿಗೆ ಒಪ್ಪಿಸಿ, ಪಟ್ಟಿಯ ತುದಿಯಲ್ಲಿದ್ದ ಹನ್ನೆರಡನೆಯ ಆಟಗಾರನನ್ನೂ ಬಿಡಲಿಲ್ಲ. ಹುಡುಗರು ನಗಲು ಮರೆತು ಆಮೆನ್ ಅಂದರು.

ಇಂಥವರು ತಮ್ಮ ಮನೆಯಲ್ಲಿ ಒಂದೇ ಒಂದು ಹೆಸರು ಬಿಟ್ಟಿದ್ದರು. ಅದು ಅವರ ಮಗಳದು.

ಸುಗುಣಾ ಊರಿನ ಬೀಜದ ಕಂಪನಿಯೊಂದರಲ್ಲಿ ಚೀಲಗಳಿಗೆ ಚೀಟಿ ಬರೆಯುವ ಕೆಲಸಕ್ಕೆ ಹೋಗುತ್ತಿದ್ದಳು. ಅಲ್ಲಿಯೇ ಕೆಲಸಕ್ಕಿದ್ದ ಹಲಗೇರಿಯ ಬಸವರಾಜ ಎಂಬವನನ್ನು ಒಲಿದು, ಮನೆಯಲ್ಲಿ ಒಪ್ಪದಿದ್ದಾಗ ರಿಜಿಸ್ಟರ್ ಮದುವೆಯಾಗಿ ಹಲಗೇರಿಗೆ ನಡೆದಳು. ಹಲಗೇರಿ ಏನು ದೂರದ ಊರಲ್ಲ. ಬೆಳಿಗ್ಗೆ ಹೋಗಿ ಊಟದ ಹೊತ್ತಿಗೆ ತಿರುಗಿ ಬರಬಹುದು. ಮಾಸ್ತರರು ಬಯ್ಯಲಿಲ್ಲ, ಕೂಗಾಡಲಿಲ್ಲ. ಸಂಜೆಯ ಮನೆಪ್ರಾರ್ಥನೆಯಲ್ಲಿ ಆ ಹೆಸರು ಹೇಳುವುದನ್ನು ನಿಲ್ಲಿಸಿದರು, ಅಷ್ಟೆ. ಅವರ ಹೆಂಡತಿ ರಾಹೇಲಕ್ಕನಿಗೆ ಮಗಳ ಪತ್ರಗಳು ನನ್ನ ವಿಳಾಸಕ್ಕೆ ಬರತೊಡಗಿದವು. ಆಕೆ ಕರಿಬೇವಿನ ನೆಪ ಹೇಳಿ ನಮ್ಮ ಹಿತ್ತಲಿಗೆ ಬಂದು, ಓದಿ, ಅತ್ತು, ಮುಖ ತೊಳೆದುಕೊಂಡು, ನೆಪಕ್ಕೆ ಬೇಕೆಂದು ಒಂದು ಹಿಡಿ ಎಲೆ ಕಿತ್ತುಕೊಂಡು ಹೋಗುತ್ತಿದ್ದಳು. ಎರಡು ವರ್ಷದಲ್ಲಿ ನಮ್ಮ ಕರಿಬೇವಿನ ಗಿಡ ಬೋಳಾಯಿತು.

ಹೀಗಿರುವಾಗ, ಎಂಬತ್ತರ ದಶಕದ ಕೊನೆಯಲ್ಲಿ, ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ನಾವು ಹತ್ತು ಹನ್ನೆರಡು ಜನ ಸೇರಿ ಎರಡು ದಿನದ ಕೂಟ ನಡೆಸುವುದೆಂದು ಹೊರಟೆವು. ಆಗ ನಾವೆಲ್ಲ ಧಾರವಾಡ ಜಿಲ್ಲೆಯವರೇ. 'ಕ್ರೈಸ್ತ ವಿಶ್ವಾಸ ಮತ್ತು ಆಪ್ತಸಲಹೆ' ಎಂದು ಕರಪತ್ರ ಅಚ್ಚು ಹಾಕಿಸಿದೆವು. ಶನಿವಾರ, ಭಾನುವಾರ. ಜಾಗ, ರಜೆಯಿದ್ದ ಒಂದು ಶಾಲೆಯ ಅಂಗಳ. ವಿಶ್ವಾಸ ಎಲ್ಲರಿಗೂ ಗೊತ್ತಿತ್ತು. ಆಪ್ತಸಲಹೆ ಎಂದರೆ ಏನೆಂದು ಹಂಚುವ ನಮಗೇ ಗೊತ್ತಿರಲಿಲ್ಲ.

"ಅಂದ್ರ, ಮನಸಿನಾಗಿಂದು ಹೇಳಿಕೊಳ್ಳೋದು," ಎಂದೆ ನಾನು, ಕೇಳಿದವರಿಗೆ.

"ಅದಕ್ಕ ಧಾರವಾಡದಿಂದ ಯಾಕ ಮಂದಿ ಬರಬೇಕ್ರಿ? ನಮ್ಮ ಓಣ್ಯಾಗ ನಳದ ಹತ್ರ ನಿಂತ್ರ ಸಾಕು," ಎಂದರು ಬ್ಯಾಡಗಿಯ ದೇವಪುತ್ರಪ್ಪನವರು. ಕೂಟಕ್ಕೆ ಒಂದು ಚೀಲ ಮೆಣಸಿನಕಾಯಿ, ತಮ್ಮ ದೊಡ್ಡ ದೇಹ, ಅದಕ್ಕಿಂತ ದೊಡ್ಡ ಗಂಟಲು, ಮೂರನ್ನೂ ಕೊಟ್ಟ ಸ್ವಯಂಸೇವಕರು ಅವರು.

ಮಾಸ್ತರರಿಗೆ ಈ ಕೂಟ ಹಿಡಿಸಿರಲಿಲ್ಲ. "ಮನುಷ್ಯಾರ ಮುಂದ ಹೇಳಿಕೊಳ್ಳಾಕ ಯಾಕ ಕಲಸ್ತೀರಿ? ದೇವರ ಕಿವಿ ಏನ ಮುಚ್ಯಾವೇನ?" ಎಂದು ಗದರಿದರು. ಆದರೂ ಚಪ್ಪರಕ್ಕೆ ಬಳ್ಳಿ ಕಟ್ಟಲು ಏಣಿ ಹತ್ತಿದವರಲ್ಲಿ ಅವರೇ ಮೊದಲಿಗರು. ಸಭೆಯ ಕೆಲಸ ಎಂದಮೇಲೆ ಮುಗಿಯಿತು.

ಧಾರವಾಡದಿಂದ ಬಂದ ಲೀಲಾಬಾಯಿಯವರು ಸಣ್ಣ ಮೈಕಟ್ಟಿನ, ನಿಧಾನವಾಗಿ ಮಾತಾಡುವ ಹೆಂಗಸು. ಅವರ ಜತೆ ಒಬ್ಬೊಬ್ಬರಾಗಿ ಕುಳಿತು ಮಾತಾಡಲು ಶಾಲೆಯ ಸಾಮಾನಿನ ಕೋಣೆ ತೆರವು ಮಾಡಿದ್ದೆವು. ಗೋಡೆಯ ಮೇಲೆ ಮನುಷ್ಯನ ಜೀರ್ಣಾಂಗಗಳ ಬಣ್ಣದ ನಕ್ಷೆಯಿತ್ತು. ತೆಗೆಯೋಣವೆಂದರೆ ಮೊಳೆ ಬರಲಿಲ್ಲ. ಅದರ ಕೆಳಗೆ ಎರಡು ಕುರ್ಚಿ, ಒಂದು ತಂಬಿಗೆ ನೀರು. ಬಾಗಿಲು ಕಾಯುವ ಕೆಲಸ ದೇವಪುತ್ರಪ್ಪನವರಿಗೆ. ಎದೆಗೆ ಸ್ವಯಂಸೇವಕರ ನೀಲಿ ರಿಬ್ಬನ್ ಚುಚ್ಚಿಕೊಂಡು, ಹಬ್ಬದ ಸಂತೆಯಲ್ಲಿ ಕೂಗುವವರಂತೆ ಕೂಗಿದರು:

"ಸಮಸ್ಯೆ ಇದ್ದವರು ಈ ಕಡೆ ಬರ್ರಿ! ಸಾಲ ಹಚ್ಚಿ ನಿಂದರ್ರಿ! ಒಬ್ಬೊಬ್ಬರದ ಹೇಳಸ್ತೀವಿ!"

ನಿಜ ಹೇಳಬೇಕೆಂದರೆ ಆ ಶನಿವಾರ ರಾಣೆಬೆನ್ನೂರಿನಲ್ಲಿ ಯಾರಿಗೂ ಯಾವ ಸಮಸ್ಯೆಯೂ ಇರಲಿಲ್ಲ. ಆ ಬಾಗಿಲ ಮುಂದೆ ಹಾಯಬೇಕಾದವರು ಕೂಡ ಶಾಲೆಯ ಹಿಂದಿನಿಂದ ಬಳಸಿ ಹೋದರು. ಲೀಲಾಬಾಯಿ ಜೀರ್ಣಾಂಗಗಳ ಕೆಳಗೆ ಒಬ್ಬರೇ ಕುಳಿತು ತಂಬಿಗೆಯ ನೀರು ತಾವೇ ಕುಡಿದು ಮುಗಿಸಿದರು. ಮಧ್ಯಾಹ್ನ ನನ್ನನ್ನು ಕರೆದು, "ಒಂದು ಡಬ್ಬಿ ಇಡ್ರಿ. ಹೇಳೋದಿದ್ದವರು ಚೀಟಿ ಬರದು ಹಾಕ್ಲಿ. ಚೀಟಿ ನನ್ನ ಕೈಯಾಗಷ್ಟ ಕೊಡ್ರಿ, ನೀವೂ ನೋಡಬ್ಯಾಡ್ರಿ," ಎಂದರು. ನಾನು ಓಡಿಹೋಗಿ ಸಭೆಯ ಗೂಡಿನಲ್ಲಿದ್ದ ದೊರೆಸಾನಿಯನ್ನೇ ಎತ್ತಿಕೊಂಡು ಬಂದೆ. ಬೇರೆ ಡಬ್ಬಿಗೆ ಸೀಳು ಕೊರೆಯುವ ಹೊತ್ತಾದರೂ ಎಲ್ಲಿತ್ತು? ನನ್ನ ತಪ್ಪಿನ ಮೊದಲ ಅರ್ಧ ಅಲ್ಲಿಯೇ ಆಯಿತು.

ಅಡುಗೆಯ ಚಪ್ಪರದ ನೆರಳಿನಲ್ಲಿ ಹೆಂಗಸರು ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕುಳಿತಿದ್ದರು. ಬ್ಯಾಡಗಿ ಕಾಯಿ ಎಂದರೆ ಗೊತ್ತಲ್ಲ, ಮುದುಕಿಯ ಕೆನ್ನೆಯ ಹಾಗೆ ಸುಕ್ಕು, ಕಡುಗೆಂಪು. ಖಾರ ಕಡಿಮೆ, ಬಣ್ಣ ಹೆಚ್ಚು. ತೊಟ್ಟು ಮುರಿಯುವಾಗ ಯಾರೂ ಯಾರ ಮುಖ ನೋಡಬೇಕಾಗಿಲ್ಲ, ಅದೊಂದು ಅನುಕೂಲ. ರಾಹೇಲಕ್ಕ ನನ್ನ ಮಗ್ಗುಲಿಗೆ ಸರಿದು, ಕಾಯಿಯ ಮೇಲಿನ ಕಣ್ಣು ಎತ್ತದೆ ಹೇಳಿದಳು:

"ಸುಮಿತ್ರಾ, ಸುಗುಣಾಗ ಕೂಸು ಆಗೇತಿ. ಗಂಡು. ಆರು ತಿಂಗಳಾತಂತ."

"ಖರೇನ? ಯಾವಾಗ ತಿಳೀತು?"

"ನೀ ಮೊನ್ನಿ ಕೊಟ್ಟ ಪತ್ರದಾಗ ಬರದಾಳ. ಆರು ತಿಂಗಳ ಬರೀಲಿಕ್ಕೆ ಧೈರ್ಯ ಆಗಿಲ್ಲ ನೋಡ ಆಕಿಗೆ." ಒಂದು ತೊಟ್ಟು ಮುರಿದಳು. "ಇವರು ದಿನಾ ಸಂಜಿಕೆ ಪ್ರಾರ್ಥನಾ ಮಾಡ್ತಾರ. ನಿನ್ನ ಹೆಸರು ಬರ್ತೈತಿ, ನಿನ್ನ ಗಂಡಂದು ಬರ್ತೈತಿ, ಹಾಲಿನವಂದು ಬರ್ತೈತಿ. ನಾ ಕಣ್ಣ ಮುಚ್ಚಿಕೊಂಡು ಕಾಯ್ತೀನಿ, ಇವತ್ತರ ಆಕಿ ಹೆಸರು ಬರ್ತೈತೇನೋ ಅಂತ. ಆಮೆನ್ ಬರ್ತೈತಿ. ಆಕಿ ಹೆಸರು ಬರಂಗಿಲ್ಲ. ಇವರು ತಮ್ಮ ಬಾಯಿಲೆ ಆಕಿ ಹೆಸರು ತಗೊಳ್ಳೋತನ ನಾ ಹೆಂಗ ಹೋಗಿ ಕೂಸಿನ ಮಾರಿ ನೋಡ್ಲಿ?"

"ಲೀಲಾಬಾಯಾರ ಮುಂದ ಹೇಳಬಾರದೇನಕ್ಕ?"

"ನಾನ? ಆ ಖೋಲಿಯಾಗ? ದೇವಪುತ್ರಪ್ಪ ಬ್ಯಾಡಗಿ ತನಕ ಕೇಳೂಹಂಗ ನನ್ನ ಹೆಸರು ಕೂಗ್ಯಾನು."

"ಚೀಟಿ ಬರದು ಹಾಕು. ನಿನ್ನ ಹೆಸರು ಬರೀಬ್ಯಾಡ. ನಾ ಕೈಯಾರೆ ಅವರಿಗೇ ಮುಟ್ಟಸ್ತೀನಿ. ನನ್ನ ಮ್ಯಾಲೆ ಭರೋಸ ಐತಿಲ್ಲೋ?"

ಆಕೆ ಇನ್ನೂ ಹತ್ತು ಕಾಯಿಯ ತೊಟ್ಟು ಮುರಿದಳು. ಖಾರದ ಕೈ ತೊಳೆದುಕೊಂಡು ಶಾಲೆಯ ಪಡಸಾಲೆಯ ಮೂಲೆಯಲ್ಲಿ ಕುಳಿತು ಬರೆದಳು. ಮದುವೆಯಾಗಿ ಬಂದಾಗ ಆಕೆಗೆ ಓದು ಬರಹ ಬರುತ್ತಿರಲಿಲ್ಲ. ಪಾಟಿ ಬಳಪ ತಂದು ಕಲಿಸಿದವರು ಮಾಸ್ತರರು. ಈಗಲೂ ಆಕೆ ಕಾಗದದ ಮೇಲೆ ಪಾಟಿಯ ಮೇಲೆ ಬರೆದ ಹಾಗೆ, ದೊಡ್ಡ ದೊಡ್ಡ ದುಂಡು ಅಕ್ಷರಗಳಲ್ಲಿ, ಒತ್ತಿ ಬರೆಯುತ್ತಿದ್ದಳು. ಚೀಟಿಯನ್ನು ಎಂಟು ಮಡಿಕೆ ಮಡಚಿ ದೊರೆಸಾನಿಯ ಬಾಯಿಗೆ ಹಾಕಿದಳು.

ಮರುದಿನ ಭಾನುವಾರ. ಆರಾಧನೆ ಚಪ್ಪರದಲ್ಲಿಯೇ. ಹಾವೇರಿಯವರು, ಬ್ಯಾಡಗಿಯವರು ಎಲ್ಲ ಸೇರಿ ಜನ ಕಿಕ್ಕಿರಿದಿದ್ದರು. ಆರಾಧನೆ ಮುಗಿದೊಡನೆ ಚೀಟಿಗಳನ್ನು ಲೀಲಾಬಾಯಿಗೆ ಕೊಡಬೇಕೆಂದು ನಾನು ಮನಸ್ಸಿನಲ್ಲಿ ಗಂಟು ಹಾಕಿಕೊಂಡು, ಡಬ್ಬಿಯನ್ನು ಮಗ್ಗುಲಲ್ಲೇ ಇಟ್ಟುಕೊಂಡಿದ್ದೆ. ಅಷ್ಟರಲ್ಲಿ ಎರಡನೆಯ ಹಾಡು ಶುರುವಾಯಿತು. ನನಗೆ ಇಷ್ಟದ ಹಾಡು. ಕಣ್ಣು ಮುಚ್ಚಿ ಹಾಡುತ್ತಿದ್ದೆ. ಹಾಡುತ್ತಿದ್ದವಳು ನಾನು. ಡಬ್ಬಿ ತೆರೆದದ್ದು, ಚೀಟಿ ಬಿಡಿಸಿದ್ದು, ತೊಡೆಯ ಮೇಲಿಟ್ಟು ನೀವಿದ್ದು, ಎದ್ದುಹೋಗಿ ಬೈಬಲಿನ ಕೆಳಗಿಟ್ಟದ್ದು ಹನ್ನೊಂದು ವರ್ಷದ ಕೈ. ಒಂದಕ್ಷರವನ್ನೂ ಓದಲಿಲ್ಲ ಎಂಬುದಷ್ಟೇ ನನ್ನ ಪ್ರಾಮಾಣಿಕತೆ. ವಾಪಸು ಬಂದು ಕುಳಿತು, ಸೆರಗು ಸರಿಮಾಡಿಕೊಂಡು, ಹಾಡಿನ ಕೊನೆಯ ಚರಣಕ್ಕೆ ದನಿ ಏರಿಸಿದೆ. ಕೆಲಸ ಅಚ್ಚುಕಟ್ಟಾಯಿತೆಂಬ ಸಮಾಧಾನ ಬೇರೆ!

ಮಾಸ್ತರರು ಮೊದಲ ಚೀಟಿ ಓದಿದರು. ಯಾರಿಗೋ ನಿದ್ದೆ ಬರುವುದಿಲ್ಲವಂತೆ. ಎರಡನೆಯದು ಓದಿದರು. ಯಾರದೋ ಅಣ್ಣ ತಮ್ಮಂದಿರು ಮಾತು ಬಿಟ್ಟಿದ್ದರಂತೆ. ಇದೇನು, ನಮ್ಮ ಚೀಟಿಗಳು ಇವತ್ತು ಹೀಗಿವೆ ಎಂದು ನಾನು ಯೋಚಿಸುತ್ತಿದ್ದಂತೆಯೇ ಮೂರನೆಯದು ಬಂತು.

"ನಮ್ಮ ಮನಿಯಾಗ ದಿನಾ ಸಂಜಿಗೆ ಪ್ರಾರ್ಥನಾ ಆಗತೈತಿ. ಎಲ್ಲಾರ ಹೆಸರೂ ಬರತಾವ..."

ನನ್ನ ಕೈ ಏನು ಮಾಡಿತ್ತೆಂದು ಆಗ ನನಗೆ ತಿಳಿಯಿತು. ಮಾಸ್ತರರ ದನಿ ಅಲ್ಲಿಗೇ ನಿಂತಿತು. ಕಾಗದವನ್ನು ಕಣ್ಣಿನ ಹತ್ತಿರ ಹಿಡಿದರು. ಆ ದುಂಡು ಅಕ್ಷರಗಳನ್ನು ಕೈ ಹಿಡಿದು ತಿದ್ದಿಸಿದವರಿಗೆ ಯಾರು ಬರೆದದ್ದೆಂದು ಯಾರೂ ಹೇಳಬೇಕಾಗಿರಲಿಲ್ಲ. ಅವರ ತುಟಿ ಮಾತ್ರ ಅಲುಗುತ್ತಿತ್ತು. ಕೊನೆಯವರೆಗೆ ಓದಿದರು. ಚಪ್ಪರದಲ್ಲಿ ಯಾರೋ ಕೆಮ್ಮಿದರು. ರಾಹೇಲಕ್ಕ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಚಾಪೆಯ ಕಡ್ಡಿಯೊಂದನ್ನು ಕಿತ್ತು ಮುರಿಯುತ್ತಿದ್ದಳು.

"ಈ ಚೀಟಿ ನನಗ ಬರದದ್ದಲ್ಲ. ಓದಬಾರದಿತ್ತು," ಎಂದರು ಮಾಸ್ತರರು. ಮಡಚಿ ಕೋಟಿನ ಕಿಸೆಗೆ ಹಾಕಿಕೊಂಡರು. ಉಳಿದ ಚೀಟಿಗಳನ್ನು ಮುಟ್ಟಲಿಲ್ಲ. ಚೀಟಿಯಲ್ಲಿ ಬಂದ ಹೆಸರೊಂದು ಅವರ ಬಾಯಿಂದ ಬಾರದೆ ಉಳಿದದ್ದು ನಾನು ಕಂಡಂತೆ ಅದೇ ಮೊದಲು.

ಆರಾಧನೆ ಮುಗಿದ ಮೇಲೆ ನಾನು ರಾಹೇಲಕ್ಕನನ್ನು ಹುಡುಕಿಕೊಂಡು ಹೋದೆ. ಒಲೆಯ ಮುಂದೆ ಕುಳಿತಿದ್ದಳು.

"ಅಕ್ಕಾ, ನನ್ನ ಕೈ ಕಡಕೊಂಡು ಬೀಳಬಾರದಿತ್ತೇನ!"

"ನಿನ್ನ ಕೈ ಬಿದ್ರ ಸಾರು ಯಾರ ಬಡಸ್ತಾರ?" ಎಂದಳು. ನಗಲಿಲ್ಲ. "ನೀ ಬೇಕಂತ ಮಾಡಿಲ್ಲ, ಗೊತ್ತೈತಿ ನನಗ. ಆದ್ರ ಇವತ್ತ ಸಂಜಿಕೆ ಮನಿಗೆ ಹೋಗಿ ಅವರ ಎದುರು ಹೆಂಗ ಕುಂದರ್ಲಿ ಹೇಳು. ನಲವತ್ತು ವರ್ಷ ಆತು, ಅವರ ಮ್ಯಾಲೆ ಚಾಡಿ ಹೇಳಿದಾಕಿ ಅಲ್ಲ ನಾನು."

ಲೀಲಾಬಾಯಿಯ ಕೋಣೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿ ಅತ್ತುಬಿಟ್ಟೆ. ಆ ಕೋಣೆಯಲ್ಲಿ ಎರಡನೆಯ ಕುರ್ಚಿಯ ಮೇಲೆ ಕುಳಿತು ಅತ್ತವರಲ್ಲಿ ಮೊದಲಿಗಳು ಕೂಟದ ಸ್ವಯಂಸೇವಕಿಯೇ ಆದಳು. ಅವರು ಎಲ್ಲ ಕೇಳಿ, "ಈಗ ನೀವು ಒಂದು ಕೆಲಸ ಮಾಡ್ರಿ," ಎಂದರು.

"ಏನ ಮಾಡ್ಲಿರಿ? ಮಾಸ್ತರ ಕಾಲ ಹಿಡೀಲೇನ್ರಿ?"

"ಏನೂ ಮಾಡಬ್ಯಾಡ್ರಿ. ಹೋಗಿ ಅನ್ನ ಬಡಸ್ರಿ."

ಏನೂ ಮಾಡದೆ ಇರುವುದು ನನ್ನಂಥವಳಿಗೆ ಎಷ್ಟು ಕಷ್ಟವೆಂದು ಆ ಮಧ್ಯಾಹ್ನ ತಿಳಿಯಿತು. ಒಬ್ಬರಿಗೇ ಮೂರು ಸಲ ಸಾರು ಬಡಿಸಿದೆ. ಪಂಕ್ತಿಯಲ್ಲಿ ಮಾಸ್ತರರು ಇರಲಿಲ್ಲ. ನೋಡಿದರೆ ಅಂಗಳ ದಾಟಿ ಆ ಸಾಮಾನಿನ ಕೋಣೆಯ ಕಡೆಗೆ ನಡೆಯುತ್ತಿದ್ದರು. ಬಾಗಿಲಲ್ಲಿ ದೇವಪುತ್ರಪ್ಪನವರು ಇದ್ದರು. ಎಲ್ಲಿ ಕೂಗಿಬಿಡುತ್ತಾರೋ ಎಂದು ನನ್ನ ಜೀವ ಹಾರಿತು. ಅವರು ಕೂಗಲಿಲ್ಲ. ಎದ್ದು ನಿಂತು, ದಾರಿ ಬಿಟ್ಟು, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಅದಕ್ಕೆ ಬೆನ್ನು ಕೊಟ್ಟು ಕುಳಿತರು. ಯಾರೋ ಏನೋ ಕೇಳಲು ಬಂದಾಗ ತುಟಿಯ ಮೇಲೆ ಬೆರಳಿಟ್ಟರು. ಅವರಿಗೆ ಹಾಗೆ ಮಾಡಲು ಬರುತ್ತದೆಂದು ಅವರ ಮನೆಯವರಿಗೂ ಗೊತ್ತಿರಲಿಕ್ಕಿಲ್ಲ.

ಒಳಗೆ ಏನು ಮಾತಾಯಿತೋ ನನಗೆ ಇಂದಿಗೂ ಗೊತ್ತಿಲ್ಲ. ಪಂಕ್ತಿ ಎದ್ದು, ಎಲೆ ಎತ್ತಿ, ಹಂಡೆಗಳನ್ನು ತೊಳೆದು ಬೋರಲು ಹಾಕುವ ಹೊತ್ತಿಗೆ ಮಾಸ್ತರರು ಹೊರಗೆ ಬಂದರು. ನೇರವಾಗಿ ನನ್ನ ಹತ್ತಿರ ಬಂದು ನಿಂತರು. ನಾನು ತೊಳೆದ ಸೌಟನ್ನೇ ಮತ್ತೆ ತೊಳೆಯತೊಡಗಿದೆ.

"ಪತ್ರ ನಿನ್ನ ವಿಳಾಸಕ್ಕ ಬರ್ತಿದ್ದುವೇನ ಸುಮಿತ್ರಾ?"

"ಹೌದ್ರಿ ಮಾಸ್ತರ."

ಕೋಟಿನ ಕಿಸೆ ಮುಟ್ಟಿ ನೋಡಿಕೊಂಡರು. "ಟಪಾಲಿನವ ಬಿಸಲಾಗ ಬರ್ತಾನ. ನೀರು ಗೀರು ಕೊಡ್ತಿದ್ದಿಲ್ಲೋ ಅವಗ?" ಎಂದರು. ಕೊಡುತ್ತಿದ್ದೆ ಎಂದೆ. "ಚಲೋ ಆತು," ಎಂದು ಚಪ್ಪರದ ಕಡೆ ಹೋದರು.

ಕೂಟ ಮುಗಿಯುವುದು ಸಂಜೆ ಐದಕ್ಕೆ. ಕೊನೆಯ ಪ್ರಾರ್ಥನೆ ಹಿರಿಯರದು. ಬಿಸಿಲು ಚಪ್ಪರದ ಒಂದು ಮಗ್ಗುಲಿನಿಂದ ಒಳಗೆ ಬಂದು ಹೆಂಗಸರ ಚಾಪೆಯ ಮೇಲೆ ಬಿದ್ದಿತ್ತು. ಎಲ್ಲರೂ ಕಣ್ಣು ಮುಚ್ಚಿದರು. ನಾನು ಮಾತ್ರ ಒಂದು ಕಣ್ಣು ತೆರೆದಿಟ್ಟುಕೊಂಡು ರಾಹೇಲಕ್ಕನನ್ನೇ ನೋಡುತ್ತಿದ್ದೆ. ಅದು ತಪ್ಪೇ, ಆದರೆ ಅಂದು ಬೆಳಿಗ್ಗೆ ಅದಕ್ಕಿಂತ ದೊಡ್ಡದು ಮಾಡಿಯಾಗಿತ್ತಲ್ಲ.

ಮಾಸ್ತರರು ತಮ್ಮ ರೂಢಿಯಂತೆ ಒಬ್ಬೊಬ್ಬರ ಹೆಸರೂ ಹಿಡಿದರು. ಧಾರವಾಡದಿಂದ ಬಂದ ಲೀಲಾಬಾಯಿ. ಮೆಣಸಿನಕಾಯಿ ತಂದ, ಬಾಗಿಲು ಕಾಯ್ದ ದೇವಪುತ್ರಪ್ಪ. ಹಂಡೆ ಪಾತ್ರೆ ಕೊಟ್ಟ ನೆರೆಮನೆಯ ಹುಸೇನಸಾಬ. ಪಾತ್ರೆ ಒಯ್ಯಲು ಬಂದು ಚಪ್ಪರದ ಅಂಚಿನಲ್ಲಿ ನಿಂತಿದ್ದ ಹುಸೇನಸಾಬರು ತಮ್ಮ ಹೆಸರು ಕೇಳಿ ಗಡಬಡಿಸಿ ಟೋಪಿ ಸರಿಮಾಡಿಕೊಂಡರು. ನೀರು ಹೊತ್ತವರು, ಎಲೆ ಎತ್ತಿದವರು, ಕೊನೆಗೆ ನಾನೂ. ನನ್ನ ಹೆಸರಿಗೆ ಅವರು ಬೇರೇನೂ ಸೇರಿಸಲಿಲ್ಲ. ಆ ದಯೆಗೆ ನನ್ನ ಮುಚ್ಚಿದ ಕಣ್ಣಲ್ಲಿ ನೀರು ಬಂತು.

ಇನ್ನು ಆಮೆನ್ ಎಂಬಲ್ಲಿಗೆ ಬಂದಿತ್ತು. ರಾಹೇಲಕ್ಕ ಕಣ್ಣು ಮುಚ್ಚಿ, ಉಸಿರು ಹಿಡಿದು, ಕೈಯಲ್ಲಿ ಕೈ ಬಿಗಿದು ಕುಳಿತಿದ್ದಳು. ದಿನಾ ಸಂಜೆ ಆಕೆ ಹೀಗೆಯೇ ಕುಳಿತಿರುತ್ತಾಳಲ್ಲ ಎಂದು ಆಗ ನನಗೆ ಹೊಳೆಯಿತು.

"ಮತ್ತ..." ಎಂದರು ಮಾಸ್ತರರು. "ಮತ್ತ ಹಲಗೇರಿಯೊಳಗ ಇರೋ ನನ್ನ ಮಗಳು ಸುಗುಣಾ. ಆಕಿ ಗಂಡ ಬಸವರಾಜ." ಕೆಮ್ಮಿದರು. "ಅವರ ಕೂಸು..."

ಆಮೇಲೆ, ಕಣ್ಣು ತೆರೆಯದೆ, ತಲೆ ಎತ್ತದೆ, ದೇವರೊಡನೆ ಆಡುತ್ತಿದ್ದ ಮಾತನ್ನು ಅರ್ಧಕ್ಕೇ ಬಿಟ್ಟು, ಹೆಂಗಸರ ಕಡೆಗೆ ಕೇಳಿದರು:

"ಕೂಸಿನ ಹೆಸರೇನಿಟ್ಟಾರ?"

ಹಿರಿಯರ ಪ್ರಾರ್ಥನೆಯ ನಡುವೆ ನಮ್ಮಲ್ಲಿ ಹೆಂಗಸರು ಬಾಯಿ ತೆರೆದದ್ದೇ ಇಲ್ಲ. ರಾಹೇಲಕ್ಕ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. ಆಕೆ ಯಾಕೆ ಅಷ್ಟು ಅಳುಕಿದಳೆಂದು ಹೆಸರು ಕೇಳಿದ ಮೇಲೆ ತಿಳಿಯಿತು.

"ಮಾಲತೇಶ," ಎಂದಳು.

ಚಪ್ಪರದಲ್ಲಿ ನಾಲ್ಕಾರು ತಲೆಗಳು ಮೇಲೆದ್ದವು. ದೇವರಗುಡ್ಡದ ದೇವರ ಹೆಸರದು. ಈ ಸೀಮೆಯ ಒಕ್ಕಲು ಮನೆಗಳಲ್ಲಿ ಮನೆಗೊಬ್ಬ ಮಾಲತೇಶ ಇರುತ್ತಾನೆ. ನಮ್ಮ ಸಭೆಯಲ್ಲಿ ಎಮ್ಮೆಯ ಹೆಸರು ಕೇಳಿತ್ತು, ಆಟಗಾರರ ಹೆಸರು ಕೇಳಿತ್ತು, ಈ ಹೆಸರು ಎಂದೂ ಕೇಳಿರಲಿಲ್ಲ. ರಾಹೇಲಕ್ಕ ಈಗ ಕಣ್ಣು ತೆರೆದು ಅವರನ್ನೇ ನೋಡುತ್ತಿದ್ದಳು.

"ಮಾಲತೇಶ," ಎಂದರು ಮಾಸ್ತರರು, ಮೆಲ್ಲಗೆ, ಹೊಸ ಪದವೊಂದನ್ನು ನಾಲಿಗೆಯ ಮೇಲೆ ಇಟ್ಟು ನೋಡುವವರ ಹಾಗೆ.

ಹಾವೇರಿಯಿಂದ ಬಂದ ಒಬ್ಬ ಅಜ್ಜಿ ಹಿಂದಿನ ಸಾಲಿನಿಂದ ಕಿವಿಗೆ ಕೈ ಹಚ್ಚಿ, "ಕೇಳಲಿಲ್ಲರಿ ಮಾಸ್ತರ! ಕೂಸಿನ ಹೆಸರು ಜೋರಾಗಿ ಹೇಳ್ರಿ!" ಎಂದಳು.

ಮಾಸ್ತರರು ಬೆನ್ನು ನೆಟ್ಟಗೆ ಮಾಡಿದರು. ವರ್ಷಗಟ್ಟಲೆ ಶಾಲೆಯಲ್ಲಿ ಮಕ್ಕಳ ಹಾಜರಿ ಕೂಗಿದ ಆ ದನಿಯಲ್ಲಿ, ಕಂಪೌಂಡಿನಾಚೆಯ ರಸ್ತೆಗೂ ಕೇಳುವಂತೆ, ಮೊಮ್ಮಗನ ಹೆಸರು ಹೇಳಿದರು.